ನಾವು ಅವರಲ್ಲ ಅಂತ ಹೇಳಬೇಕಿತ್ತಾ?

ಇಂಗ್ಲೆಂಡಿನಲ್ಲಿ ಹೇಟ್ ಕ್ರೈಂ, ಅಂದರೆ ಜನಾಂಗ, ಧರ್ಮ ಇಂಥವುಗಳ ದ್ವೇಷದಿಂದ ಮಾಡುವ ಅಪರಾಧದ ಬಗ್ಗೆ ದೂರು ಕೊಡುವುದು ಹೇಗೆ ಅಂತ ಕನ್ನಡದಲ್ಲಿ ಯಾರಾದರೂ ಬರೆದಿದ್ದಾರಾ ಎಂದು, ಬಸ್ಸಿನಲ್ಲಿ ಒಬ್ಬ ನಮ್ಮತ್ತೆಯ ಮೇಲೆ ಕೈ ಮಾಡಿದ ಆ ರಾತ್ರಿ ಮೊಬೈಲಿನಲ್ಲಿ ಹುಡುಕಿದ್ದೆ. ಸಿಗಲಿಲ್ಲ. ಇಂಗ್ಲಿಷಿನಲ್ಲಿ ರಾಶಿ ರಾಶಿ ಇತ್ತು, ಆದರೆ ಎಲ್ಲ ಸರ್ಕಾರಿ ಮಾತು. ಫೋನ್ ಮಾಡಿದ ಮೇಲೆ ಏನಾಗುತ್ತೆ? ಮನೆಗೆ ಯಾರು ಬರುತ್ತಾರೆ? ಕನ್ನಡ ಬಿಟ್ಟು ಬೇರೆ ಬಾರದ ವಯಸ್ಸಾದ ಹೆಂಗಸು ಹೇಳಿಕೆ ಕೊಡಬಹುದಾ? ವಿಸಿಟ್ ವೀಸಾಕ್ಕೆ ಏನಾದರೂ ತೊಂದರೆ ಆಗುತ್ತಾ? ನನಗೆ ಬೇಕಿದ್ದದ್ದು ಇಂಥ ಪ್ರಶ್ನೆಗಳಿಗೆ ಉತ್ತರ. ಕೇಸು ಈಗ ಮುಗಿದಿದೆ, ಬರೆಯಲು ಅಡ್ಡಿಯಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಾವಿರುವುದು ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಸಾಧಾರಣ ಊರು. ನಾನು ದಾವಣಗೆರೆಯವಳು, ಇಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ. ಗಂಡನ ಊರು ಇಳಕಲ್. ನಮ್ಮತ್ತೆ 2024ರ ಆಗಸ್ಟಿನಲ್ಲಿ ಬರಬೇಕಿತ್ತು. ಅಷ್ಟರಲ್ಲಿ, ಜುಲೈ 29ರಂದು, ಸೌತ್‌ಪೋರ್ಟಿನ ಒಂದು ಡ್ಯಾನ್ಸ್ ಕ್ಲಾಸಿನಲ್ಲಿ ಮೂವರು ಪುಟ್ಟ ಹುಡುಗಿಯರ ಕೊಲೆಯಾಯಿತು. ಕೊಂದವನು ದೋಣಿಯಲ್ಲಿ ಬಂದ ಮುಸ್ಲಿಂ ಅಂತ ಸುಳ್ಳು ಸುದ್ದಿ ಹಬ್ಬಿತು. ಅವನು ಹುಟ್ಟಿದ್ದು ಇದೇ ದೇಶದ ಕಾರ್ಡಿಫ್‌ನಲ್ಲಿ. ಆದರೆ ಆ ನಿಜ ಹೊರಬರುವಷ್ಟರಲ್ಲಿ ಮಸೀದಿಗೆ ಕಲ್ಲು ಬಿದ್ದಾಗಿತ್ತು. ರಾದರಮ್ ಮತ್ತು ಟ್ಯಾಮ್‌ವರ್ತ್‌ನಲ್ಲಿ ನಿರಾಶ್ರಿತರಿದ್ದ ಹೋಟೆಲುಗಳ ಮೇಲೆ ಗುಂಪು ನುಗ್ಗಿತು. ಸಂಡರ್‌ಲ್ಯಾಂಡಿನಲ್ಲಿ ಡ್ಯೂಟಿಗೆ ಹೊರಟಿದ್ದ ಫಿಲಿಪ್ಪೀನ್ಸಿನ ನರ್ಸ್‌ಗಳ ಟ್ಯಾಕ್ಸಿಗೆ ಕಲ್ಲು ಹೊಡೆದರು. ಆ ನರ್ಸ್‌ಗಳಿಗೂ ಸೌತ್‌ಪೋರ್ಟಿಗೂ ಏನು ಸಂಬಂಧ? ಬಣ್ಣ ಬೇರೆ, ಅಷ್ಟೇ.

ಅತ್ತೆಯ ಟಿಕೆಟ್ ಮುಂದಕ್ಕೆ ಹಾಕಿದೆವು. ಗಲಾಟೆ ತಣ್ಣಗಾದ ಮೇಲೆ, ಸೆಪ್ಟೆಂಬರ್ ಕೊನೆಗೆ ಬಂದರು. ಲಂಡನ್ನಿಗೆ ಹೋಗಿ ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ ನೋಡಿಕೊಂಡು ಬಂದೆವು. ಅಲ್ಲಿ ಕೈಮುಗಿದು ನಿಂತ ಅವರ ಫೋಟೋ ಇಳಕಲ್ಲಿನ ಅರ್ಧ ಊರಿಗೆ ವಾಟ್ಸಾಪ್‌ನಲ್ಲಿ ಹೋಯಿತು.

ಬಸ್ಸಿನಲ್ಲಿ ಘಟನೆ ನಡೆದದ್ದು ಅದಾದ ಮೇಲೆ, ಮಧ್ಯಾಹ್ನದ ಹೊತ್ತು. ಅತ್ತೆ ಎಲ್ಲಿ ಹೋದರೂ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ತಲೆ ಮೇಲೆ ಸೆರಗು. ಆ ಕಡೆಯ ಹಿರಿಯ ಹೆಣ್ಣುಮಕ್ಕಳು ಹಾಗೇ ಇರುವುದು. ಇಲ್ಲಿನ ಚಳಿಗೆ ಅದರ ಮೇಲೆ ಮಗನ ಹಳೇ ಜಾಕೆಟ್ಟು ಬೇರೆ. ಸೆರಗನ್ನು ಕಿವಿ ಮುಚ್ಚುವ ಹಾಗೆ ಸುತ್ತಿ, ಜಾಕೆಟ್ಟಿಗೆ ಸೇಫ್ಟಿ ಪಿನ್ ಹಾಕಿದ್ದರು. ಹಿಂದಿನ ಸೀಟಿನಲ್ಲಿ ಐವತ್ತರ ಆಸುಪಾಸಿನ ಒಬ್ಬ ಗೊಣಗುತ್ತಿದ್ದ. ಮೊದಲು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ದನಿ ಏರಿತು. ನಮ್ಮ ದೇಶದಲ್ಲಿ ಇದನ್ನೆಲ್ಲ ಹೊದ್ದುಕೊಂಡು ಓಡಾಡಬೇಡಿ, ಅಂದ. ಮುಸ್ಲಿಮರಿಗೆ ಒಂದು ಕೆಟ್ಟ ಬೈಗುಳ ಸೇರಿಸಿದ. ಇಳಿಯಲು ಎದ್ದವನು ಹೋಗುತ್ತಾ ಅತ್ತೆಯ ಸೆರಗನ್ನು ಹಿಂದಿನಿಂದ ಜಗ್ಗಿದ. ಜೋರಾಗಿಯೇ ಜಗ್ಗಿದ. ಪಿನ್ ಕಿತ್ತುಬಂತು. ಸೆರಗಿನ ಜೊತೆಗೆ ಕೊರಳ ಶಿವದಾರವೂ ಸಿಕ್ಕಿಕೊಂಡು ಹರಿಯಿತು.

ಲಿಂಗವಿದ್ದ ಬೆಳ್ಳಿ ಕರಡಿಗೆ ಬಸ್ಸಿನ ನೆಲದ ಮೇಲೆ ಬಿದ್ದು ಉರುಳಿತು. ವೀಲ್‌ಚೇರ್ ನಿಲ್ಲಿಸುವ ಜಾಗದವರೆಗೂ ಹೋಯಿತು. ಇಯರ್‌ಫೋನ್ ಹಾಕಿಕೊಂಡಿದ್ದ ಒಬ್ಬ ಕಾಲೇಜು ಹುಡುಗ ಬಗ್ಗಿ ಎತ್ತಿಕೊಟ್ಟ. ಎರಡೂ ಕೈಯಲ್ಲಿ ಹಿಡಿದು ಕೊಟ್ಟ, ಅದೇನು ಅಂತ ಅವನಿಗೆ ಗೊತ್ತಿರಲಿಕ್ಕಿಲ್ಲ. ಅತ್ತೆ ಕಣ್ಣಿಗೊತ್ತಿಕೊಂಡು ಮುಷ್ಟಿಯಲ್ಲಿ ಬಿಗಿಹಿಡಿದರು. ತಲೆಯ ಮೇಲಿನ ಸೆರಗು ಹೋಗಿದ್ದಕ್ಕಲ್ಲ, ಕೊರಳಿನ ಲಿಂಗ ಮೈಬಿಟ್ಟು ಹೋಗಿದ್ದಕ್ಕೆ ಅವರ ಕೈ ನಡುಗುತ್ತಿತ್ತು. ಲಿಂಗಧಾರಣೆ ಮಾಡಿದವರಿಗೆ ಅದು ಎಂಥ ವಿಷಯ ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಪೊಲೀಸರಿಗೆ ಬಿಡಿಸಿ ಹೇಳಬೇಕಾಯಿತು. ಅದು ಮುಂದಿನ ಮಾತು.

ಅಷ್ಟರಲ್ಲಿ ಅವನು ಇಳಿದು ಹೋಗಿದ್ದ. ಡ್ರೈವರ್ ಬಸ್ ನಿಲ್ಲಿಸಿ ಹಿಂದೆ ಬಂದು ಕೇಳಿದ, ತನ್ನ ಕಂಟ್ರೋಲ್ ರೂಮಿಗೆ ತಿಳಿಸಿದ, ಬಸ್ಸಿನ ನಂಬರ್ ಮತ್ತು ಹೊತ್ತು ಬರೆದುಕೊಟ್ಟ. ಮುಂದಿನ ಸೀಟಿನ ಬಿಳಿ ಅಜ್ಜಿ ಒಬ್ಬರು ನನ್ನ ಕೈಗೆ ಫೋನ್ ನಂಬರ್ ತುರುಕಿದರು. ಸಾಕ್ಷಿ ಬೇಕಾದರೆ ನಾನಿದ್ದೇನೆ, ಅಂದರು. ಈ ಎರಡು ಚೀಟಿ ಇಲ್ಲದಿದ್ದರೆ ಕೇಸು ಅಲ್ಲಿಗೇ ಮುಗಿಯುತ್ತಿತ್ತು. ಬಸ್ಸಿನ ಸಿಸಿಟಿವಿ ಕೆಲವು ದಿನ ಮಾತ್ರ ಇರುತ್ತದೆ, ಆಮೇಲೆ ಅದರ ಮೇಲೇ ಹೊಸದು ರೆಕಾರ್ಡ್ ಆಗಿಬಿಡುತ್ತದೆ. ಯಾವ ಬಸ್ಸು, ಎಷ್ಟು ಹೊತ್ತಿಗೆ ಅನ್ನುವುದು ಗೊತ್ತಿದ್ದರೆ ತಾನೇ ಅದನ್ನು ತೆಗೆಸಿಡಲು ಆಗೋದು?

ಮನೆಗೆ ಬಂದ ಮೇಲೆ ಅತ್ತೆಯ ಮೊದಲ ಮಾತು: “ಹೋಗ್ಲಿ ಬಿಡವಾ. ಪೊಲೀಸ್ ಸ್ಟೇಷನ್ ಮೆಟ್ಲ ಹತ್ತಿದ ಮನಿ ಅಲ್ಲ ನಮ್ದು.”

ಮೆಟ್ಟಿಲು ಹತ್ತುವುದೇನೂ ಬೇಕಾಗಲಿಲ್ಲ. ಅಪಾಯ ಎದುರಿಗೇ ಇದ್ದರೆ 999. ಆಗಿಹೋಗಿದ್ದರೆ 101. ಫೋನ್ ಬೇಡವೆಂದರೆ ಪೊಲೀಸರದೇ ಟ್ರೂ ವಿಷನ್ ಎಂಬ ವೆಬ್‌ಸೈಟಿನಲ್ಲಿ ಫಾರ್ಮ್ ತುಂಬಬಹುದು. ಪೊಲೀಸರ ಹತ್ತಿರವೇ ಹೋಗಲು ಹಿಂಜರಿಕೆ ಇರುವವರಿಗೆ ಕೆಲವು ಊರುಗಳಲ್ಲಿ ಲೈಬ್ರರಿ, ಸಮುದಾಯ ಕೇಂದ್ರಗಳಲ್ಲಿ ದೂರು ಬರೆದುಕೊಳ್ಳುವ ಏರ್ಪಾಡಿದೆ. ನಾನು 101 ಒತ್ತಿದೆ. ಚಹಾ ಕಾಯಿಸಿ ಕುಡಿದು ಲೋಟ ತೊಳೆದಿಟ್ಟರೂ ಸಾಲಿನಲ್ಲೇ ಇದ್ದೆ. ಕೊನೆಗೆ ಒಬ್ಬಳು ಹುಡುಗಿ ಸಿಕ್ಕಳು. ಎಲ್ಲ ಕೇಳಿಕೊಂಡು ಒಂದು ಪ್ರಶ್ನೆ ಕೇಳಿದಳು: ಅವನು ಹೀಗೆ ಮಾಡಿದ್ದು ಯಾಕೆ ಅಂತ ನಿಮಗೆ ಅನ್ನಿಸುತ್ತೆ?

ಅನ್ನಿಸೋದೇನು, ಕಿವಿಯಾರೆ ಕೇಳಿದ್ದೇನೆ ಅಂತ ಸಿಟ್ಟು ಬಂತು. ಆದರೆ ಆ ಪ್ರಶ್ನೆಗೆ ದೊಡ್ಡ ಹಿನ್ನೆಲೆ ಇದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. 1993ರ ಏಪ್ರಿಲ್‌ನಲ್ಲಿ ಲಂಡನ್ನಿನ ಎಲ್ತಮ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದ ಸ್ಟೀಫನ್ ಲಾರೆನ್ಸ್ ಎಂಬ 18ರ ಕಪ್ಪು ಹುಡುಗನನ್ನು ಬಿಳಿಯ ಹುಡುಗರ ಗುಂಪು ಚೂರಿಯಿಂದ ಇರಿದು ಕೊಂದಿತು. ಪೊಲೀಸರು ತನಿಖೆಯನ್ನು ಕೆಡಿಸಿದರು. ತಂದೆ ತಾಯಿ ಬಿಡಲಿಲ್ಲ. ವಿಚಾರಣೆ ನಡೆಸಿದ ಸರ್ ವಿಲಿಯಂ ಮ್ಯಾಕ್‌ಫರ್ಸನ್ 1999ರ ವರದಿಯಲ್ಲಿ ಆ ಪೊಲೀಸ್ ಪಡೆಯೊಳಗೇ ಜನಾಂಗಭೇದ ಬೇರೂರಿದೆ ಎಂದರು. ಜೊತೆಗೆ ಒಂದು ನಿಯಮ ಸೂಚಿಸಿದರು. ಪೆಟ್ಟು ತಿಂದವರಿಗಾಗಲಿ, ಬೇರೆ ಯಾರಿಗೇ ಆಗಲಿ, ಇದು ಜನಾಂಗದ ದ್ವೇಷದಿಂದ ಆದದ್ದು ಅನ್ನಿಸಿದರೆ ಪೊಲೀಸರು ಹಾಗೆಂದೇ ದಾಖಲಿಸಬೇಕು. ಇದು ನಿಮ್ಮ ಭ್ರಮೆ ಅಂತ ಕೌಂಟರಿನಲ್ಲೇ ವಾಪಸ್ ಕಳಿಸುವ ಹಾಗಿಲ್ಲ.

ಗಮನಿಸಿ, ಇದು ದಾಖಲೆ ಮಾಡುವವರೆಗೆ ಮಾತ್ರ. ಕೋರ್ಟಿನಲ್ಲಿ ದ್ವೇಷ ಇತ್ತು ಅಂತ ಸಾಬೀತು ಮಾಡಲು ಪುರಾವೆ ಬೇಕೇ ಬೇಕು. ಇನ್ನು, ಅಪರಾಧ ಅನ್ನಿಸಿಕೊಳ್ಳದ ಬರೀ ಕೊಂಕು ಮಾತನ್ನು ದಾಖಲಿಸುವ ನಿಯಮ 2023ರಲ್ಲಿ ಬಿಗಿಯಾಯಿತು. ನಮ್ಮದರಲ್ಲಿ ಆ ಗೊಂದಲ ಇರಲಿಲ್ಲ. ಮೈಮೇಲೆ ಕೈ ಮಾಡಿದ್ದ, ಹಲ್ಲೆಯೇ. ಕರೆ ಮುಗಿಯುವಷ್ಟರಲ್ಲಿ ಕ್ರೈಂ ರೆಫರೆನ್ಸ್ ನಂಬರ್ ಸಿಕ್ಕಿತು. ವೀಸಾ ಬಗ್ಗೆಯೂ ಕೇಳಿದೆ. ಪೆಟ್ಟು ತಿಂದವರು ದೂರು ಕೊಟ್ಟರೆ ಅವರ ವೀಸಾಕ್ಕೆ ಏನಾಗಬೇಕು ಅಂತ ಅವಳೇ ತಿರುಗಿ ಕೇಳಿದಳು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೇಟ್ ಕ್ರೈಂ ಅಂತ ಲೆಕ್ಕ ಇಡುವುದು ಐದು ಕಾರಣಗಳಿಗೆ: ಜನಾಂಗ, ಧರ್ಮ, ಅಂಗವೈಕಲ್ಯ, ಲೈಂಗಿಕ ಒಲವು, ಟ್ರಾನ್ಸ್‌ಜೆಂಡರ್ ಆಗಿರುವುದು. 2024ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಪೊಲೀಸರು ದಾಖಲಿಸಿದ್ದು ಸುಮಾರು 1.4 ಲಕ್ಷ. ಅದರಲ್ಲಿ ನೂರಕ್ಕೆ 70ರಷ್ಟು ಜನಾಂಗದ ದ್ವೇಷದವು. ಹೇಟ್ ಕ್ರೈಂ ಅಂದರೆ ಬಿಳಿಯರು ಕಂದು ಬಣ್ಣದವರಿಗೆ ಹೊಡೆಯುವುದು ಅಂತಲೇ ನಾನೂ ಅಂದುಕೊಂಡಿದ್ದೆ, ನೀವೂ ಅಂದುಕೊಂಡಿರಬಹುದು. ಆದರೆ ಪೋಲೆಂಡಿನವರು ಬಿಳಿಯರೇ. 2016ರ ಬ್ರೆಕ್ಸಿಟ್ ಮತದಾನದ ನಂತರ ಅವರೂ ಅನುಭವಿಸಿದರು. ಯಹೂದಿಗಳು, ಜಿಪ್ಸಿಗಳು ಮೊದಲಿಂದಲೂ ಅನುಭವಿಸಿದ್ದಾರೆ. 2007ರಲ್ಲಿ ಬೇಕಪ್ ಎಂಬ ಊರಿನ ಪಾರ್ಕಿನಲ್ಲಿ ಸೋಫಿ ಲ್ಯಾಂಕಾಸ್ಟರ್ ಎಂಬ 20ರ ಹುಡುಗಿಯನ್ನು ಒದ್ದು ಕೊಂದರು. ಅವಳೂ ಬಿಳಿ, ಕೊಂದವರೂ ಬಿಳಿ. ಅವಳು ಗಾಥ್ ಶೈಲಿಯ ಕಪ್ಪು ಬಟ್ಟೆ, ಮೇಕಪ್ಪು ಹಾಕುತ್ತಿದ್ದಳು ಅನ್ನುವುದೇ ಅವರ ಕಣ್ಣಿಗೆ ಅವಳ ತಪ್ಪು. ಆ ಐದು ಕಾರಣಗಳಲ್ಲಿ ಇದು ಇಲ್ಲ. ಆದರೂ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು 2013ರಿಂದ ಇಂಥದ್ದನ್ನೂ ಹೇಟ್ ಕ್ರೈಂ ಅಂತ ಬರೆದುಕೊಳ್ಳುತ್ತಾರೆ.

ಇನ್ನೊಂದು ಕೇಸು ಓದಿದಾಗ ಹುಬ್ಬೇರಿತು. ಮೊಬಿಲಿಟಿ ಸ್ಕೂಟರಿನಲ್ಲಿ ಹೋಗುತ್ತಿದ್ದ ಒಬ್ಬ, ಅಂದರೆ ಸ್ವತಃ ನಡೆಯಲು ಕಷ್ಟ ಇರುವವನು, ಸ್ಪೇನಿನ ಮೂವರು ಹೆಂಗಸರನ್ನು ಹಾಳು ವಿದೇಶಿಗಳು ಅಂತ ಬೈದು, ನಿಮ್ಮ ದೇಶಕ್ಕೆ ಹೋಗಿ ಎಂದು ಅಟ್ಟಿಸಿಕೊಂಡು ಹೋಗಿದ್ದ. ವಿದೇಶಿ ಅನ್ನುವುದು ಒಂದು ಜನಾಂಗವೇ ಅಲ್ಲವಲ್ಲ ಅಂತ ವಾದ. 2007ರಲ್ಲಿ, ಆಗ ಇಲ್ಲಿನ ಅತಿ ದೊಡ್ಡ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಆ ವಾದ ಒಪ್ಪಲಿಲ್ಲ. ಯಾವ ದೇಶದವರು ಅಂತ ಹೆಸರು ಹಿಡಿದು ಬೈಯಬೇಕಿಲ್ಲ, ಹೊರಗಿನವರು ಅಂತ ದ್ವೇಷ ತೋರಿಸಿದರೂ ಸಾಕು ಅಂದಿತು.

ಇತ್ತ ನಮ್ಮ ಮನೆಯಲ್ಲಿ ಬೇರೆಯೇ ವಾದ ಶುರುವಾಗಿತ್ತು. ಸುದ್ದಿ ತಿಳಿದು ಮೈದುನ ಊರಿನಿಂದ ಫೋನ್ ಮಾಡಿದ. “ವೈನಿ, ನಾವು ಅವರಲ್ಲ ಅಂತ ಅಲ್ಲೇ ಹೇಳಬೇಕಿತ್ತಲ್ಲ. ಹಿಂದೂ ಅಂದಿದ್ರ ಬಿಡ್ತಿದ್ದ.” ಇಲ್ಲಿನ ಕನ್ನಡ ಗೆಳೆಯರೊಬ್ಬರು ಸಲಹೆ ಕೊಟ್ಟರು: ಸ್ಟೇಟ್‌ಮೆಂಟಿನಲ್ಲಿ ನಾವು ಮುಸ್ಲಿಮರಲ್ಲ ಅಂತ ಮೊದಲ ಸಾಲಿನಲ್ಲೇ ಬರೆಸಿ, ತೂಕ ಬರುತ್ತೆ. ಇನ್ನೊಬ್ಬರು ಅದರ ತದ್ವಿರುದ್ಧ. ಅವನು ಬೈದದ್ದು ಮುಸ್ಲಿಮರಿಗೆ, ಅತ್ತೆ ಮುಸ್ಲಿಂ ಅಲ್ಲ, ಹಾಗಾಗಿ ಇದು ಧರ್ಮದ ಕೇಸೇ ಆಗಲ್ಲ, ಸುಮ್ನೆ ಬಿಡಿ ಅಂದರು.

ಕೇಸೇ ಆಗಲ್ಲ ಅನ್ನೋದು ನನ್ನನ್ನೂ ಕೊರೆಯಿತು. ಮಾರನೇ ದಿನ ಮನೆಗೆ ಬಂದ ಮಹಿಳಾ ಪೊಲೀಸ್ ಅದನ್ನು ಒಂದೇ ಮಾತಿನಲ್ಲಿ ಬಗೆಹರಿಸಿದಳು. 1998ರ ಕ್ರೈಂ ಅಂಡ್ ಡಿಸಾರ್ಡರ್ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ, ಹೊಡೆದವನು ನಿಮ್ಮನ್ನು ಯಾರು ಅಂದುಕೊಂಡ ಅನ್ನುವುದೇ ಸಾಕು. ಅವನ ಊಹೆ ತಪ್ಪಾಗಿದ್ದರೂ ಅಪರಾಧ ಅಪರಾಧವೇ. ಆ ಗುಂಪಿನವರ ಜೊತೆ ಒಡನಾಟ ಇದೆ ಅಂತ ಹೊಡೆದರೂ ಅಷ್ಟೇ. ಮುಸ್ಲಿಂ ಗೆಳತಿಯ ಜೊತೆ ನಡೆದುಹೋಗುತ್ತಿದ್ದ ಕ್ರೈಸ್ತ ಹುಡುಗಿಗೆ ಉಗಿದರೂ ಅದೇ ಸೆಕ್ಷನ್. ಧರ್ಮವೇ ಇಲ್ಲ ಅನ್ನುವವರನ್ನೂ ಕಾನೂನು ಬಿಟ್ಟಿಲ್ಲ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರ ದಾಳಿಯಾಗಿ ನಾಲ್ಕೇ ದಿನಕ್ಕೆ ಅರಿಜೋನಾದ ಪೆಟ್ರೋಲ್ ಬಂಕಿನಲ್ಲಿ ಬಲ್ಬೀರ್ ಸಿಂಗ್ ಸೋಧಿಯವರನ್ನು ಗುಂಡಿಟ್ಟು ಕೊಂದರಲ್ಲ, ಅವರು ಸಿಖ್ಖರು. ಪೇಟ ನೋಡಿ ಕೊಂದ. 2017ರಲ್ಲಿ ಕ್ಯಾನ್ಸಸ್‌ನ ಬಾರಿನಲ್ಲಿ ಹೈದರಾಬಾದಿನ ಎಂಜಿನಿಯರ್ ಶ್ರೀನಿವಾಸ್ ಕೂಚಿಭೊಟ್ಲಾ ಅವರನ್ನು ಕೊಂದವನು ಇರಾನಿನವರು ಅಂದುಕೊಂಡಿದ್ದ. ಬಂದೂಕು ಹಿಡಿದವನ ಮುಂದೆ ಜಾತಿ ಸರ್ಟಿಫಿಕೇಟ್ ತೋರಿಸಲು ಪುರಸೊತ್ತು ಎಲ್ಲಿರುತ್ತೆ?

ಇಲ್ಲಿ ನಮ್ಮ ದೇಶದ ಕಾನೂನು ನೆನಪಾಯಿತು. 1989ರ ಎಸ್‌ಸಿ, ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಪೆಟ್ಟು ತಿಂದವರು ನಿಜವಾಗಿ ಆ ಸಮುದಾಯದವರೇ ಆಗಿರಬೇಕು. ಅದಕ್ಕೆ ಕಾರಣವೂ ಇದೆ. ಹಳ್ಳಿಯಲ್ಲಿ ಯಾರು ಯಾವ ಕೇರಿಯವರು ಅಂತ ಹೊಡೆಯುವವನಿಗೆ ಮೂರು ತಲೆಮಾರಿನಿಂದ ಗೊತ್ತಿರುತ್ತದೆ, ಅಲ್ಲಿ ಊಹೆಗೆ ಜಾಗವಿಲ್ಲ. ಊಹೆ ಶುರುವಾಗುವುದು ಪೇಟೆಯಲ್ಲಿ, ಮುಖ ನೋಡಿ, ಬಟ್ಟೆ ನೋಡಿ. 2012ರ ಆಗಸ್ಟಿನಲ್ಲಿ ನಾನು ಬೆಂಗಳೂರಿನ ಪಿಜಿಯಲ್ಲಿದ್ದೆ. ಈಶಾನ್ಯದವರ ಮೇಲೆ ದಾಳಿ ಆಗುತ್ತೆ ಅಂತ ಎಸ್ಸೆಮ್ಮೆಸ್ ಹಬ್ಬಿ, ಸಾವಿರಾರು ಜನ ರಾತ್ರೋರಾತ್ರಿ ಗುವಾಹಟಿ ರೈಲು ಹತ್ತಿದರು. ನನ್ನ ರೂಮಿನ ಹುಡುಗಿ ಮಣಿಪುರದವಳು. ಗಾಳಿಸುದ್ದಿ ಅಸ್ಸಾಮಿನ ಗಲಭೆಗೆ ಸಂಬಂಧಿಸಿದ್ದು, ನೀನು ಅಸ್ಸಾಮಿನವಳೇ ಅಲ್ಲವಲ್ಲ ಅಂತ ವಾರ್ಡನ್ ಆಂಟಿ ಅವಳನ್ನು ತಡೆಯಲು ನೋಡಿದರು. ಬ್ಯಾಗಿನ ಜಿಪ್ ಎಳೆಯುತ್ತಾ ಅವಳು, “ರಸ್ತೆಯಲ್ಲಿ ಅಷ್ಟೆಲ್ಲ ಯಾರು ಕೇಳ್ತಾರೆ ಆಂಟಿ?” ಅಂದಳು.

ಹೇಳಿಕೆಗೆ ಬರುತ್ತೇನೆ. ನಾನು ಅನುವಾದ ಮಾಡುತ್ತೇನೆ ಅಂದರೆ ಪೊಲೀಸಮ್ಮ ಒಪ್ಪಲಿಲ್ಲ. ನಾನೂ ಸಾಕ್ಷಿ, ಮೇಲಾಗಿ ಮನೆಯವಳು. ಹೇಳಿಕೆ ಕೊಡುವವರ ಮಾತು ಅವರದೇ ಆಗಿರಬೇಕು. ಹಾಗಾಗಿ ಕನ್ನಡ ಬಲ್ಲ ದುಭಾಷಿಯನ್ನು ಗೊತ್ತು ಮಾಡಿದರು. ಖರ್ಚು ಪೊಲೀಸರದು. ಬಂದವರು ಮೈಸೂರಿನ ಕಡೆಯ ಒಬ್ಬ ಹಿರಿಯರು. ಅತ್ತೆಯ ಬಾಯಲ್ಲಿ ಬಂದದ್ದನ್ನು ಕನ್ನಡದಲ್ಲೇ ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿದರು. ಆಮೇಲೆ ಅದರ ಇಂಗ್ಲಿಷ್ ಅನುವಾದ ಫೈಲಿಗೆ ಸೇರಿತು. ಅಂದರೆ ಇಂಗ್ಲೆಂಡಿನ ಒಂದು ಕೇಸ್ ಫೈಲಿನಲ್ಲಿ “ಹಿಂದಿಂದ ಸೆರಗ ಹಿಡದ ಜಗ್ಗಿದ್ನರಿ” ಅನ್ನುವ ಸಾಲು ಕುಳಿತಿದೆ. ನನಗೆ ಅದೊಂದು ಖುಷಿ.

ಫಾರ್ಮಿನಲ್ಲಿ ಧರ್ಮದ ಕಾಲಂ ಬಂತು. ಅತ್ತೆ ಲಿಂಗಾಯತ ಅಂದರು. ಪಟ್ಟಿಯಲ್ಲಿ ಅದು ಇರಲಿಲ್ಲ. ಪೊಲೀಸಮ್ಮ ಇತರೆ ಅಂತ ಬರೆದುಕೊಂಡಳು. ಊರಲ್ಲಿ ಇಷ್ಟು ವರ್ಷದಿಂದ ಬಗೆಹರಿಯದ ಜಗಳವನ್ನು ಆ ಹುಡುಗಿ ಒಂದು ಟಿಕ್ಕಿನಲ್ಲಿ ಮುಗಿಸಿದಳು, ಬಿಡಿ. ಕರಡಿಗೆಯ ಫೋಟೋ, ಹರಿದ ಶಿವದಾರದ ಫೋಟೋ ತೆಗೆದುಕೊಂಡಳು. ಮುಟ್ಟಬಹುದಾ ಅಂತ ಕೇಳಿದಳು. ಅತ್ತೆ ತಲೆಯಾಡಿಸಿ ಬೇಡ ಅಂದರು. ಮುಟ್ಟದೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದಳು. ನಾವು ಮುಸ್ಲಿಮರಲ್ಲ ಅನ್ನುವ ಸಾಲು ಬರೆಸಬೇಕಾ ಅಂತ ನಾನು ಅತ್ತೆಯನ್ನು ಕೇಳಿದ್ದೆ. ಅವರು ನನ್ನ ಮುಖ ನೋಡಿದರು. “ಅಂವ ಕೇಳಿದ್ನೇನ? ಮತ್ತ ನಾ ಯಾಕ ಹೇಳ್ಲಿ?”

ಮುಂದಿನದು ಬರೀ ಕಾಯುವ ಕೆಲಸ. ಮೊದಲು ಬಂದ ಪೊಲೀಸಮ್ಮ ಬೇರೆ ವಿಭಾಗಕ್ಕೆ ಹೋದಳು. ಹೊಸಬ ನನ್ನ ಮೇಲ್‌ಗಳಿಗೆ ಉತ್ತರವನ್ನೇ ಕೊಡಲಿಲ್ಲ. ಬಸ್ಸಿನ ವಿಡಿಯೋ ತರಿಸಿದ್ದೀರಾ ಎಂದು ಕೇಳಿದರೆ, ನೋಡುತ್ತೇನೆ ಅಂದ. ಆಗ ಸಹಾಯಕ್ಕೆ ಬಂದದ್ದು ವಿಕ್ಟಿಮ್ ಸಪೋರ್ಟ್ ಎಂಬ ಸಂಸ್ಥೆಯವರು. ಪೊಲೀಸರು ಬೇರೆ, ಇವರು ಬೇರೆ, ದುಡ್ಡು ಕೊಡಬೇಕಾಗಿಲ್ಲ. ವಿಕ್ಟಿಮ್ಸ್ ಕೋಡ್ ಅಂತ ಒಂದಿದೆ, ಕೇಸು ಎಲ್ಲಿಗೆ ಬಂತು ಅಂತ ತಿಳಿಸುವುದು ಪೊಲೀಸರ ಕರ್ತವ್ಯ, ಅದರ ಹೆಸರು ಹೇಳಿ ಮೇಲ್ ಬರೆಯಿರಿ ಅಂತ ಹೇಳಿಕೊಟ್ಟರು. ಬರೆದೆ. ಉತ್ತರ ಬಂತು. ಪುಣ್ಯಕ್ಕೆ ಬಸ್ ಕಂಪನಿಯವರು ಡ್ರೈವರ್ ತಿಳಿಸಿದ ದಿನವೇ ವಿಡಿಯೋ ತೆಗೆದಿಟ್ಟಿದ್ದರು. ಅಜ್ಜಿಯೂ ಸಾಕ್ಷಿ ಹೇಳಿದರು. ವಿಡಿಯೋದಲ್ಲಿ ಮುಖ ಸ್ಪಷ್ಟವಾಗಿತ್ತು, ಆಸಾಮಿ ಸಿಕ್ಕ. ಎಲ್ಲರಿಗೂ ಹೀಗೆ ಸಿಗುವುದಿಲ್ಲ ಅಂತ ಹೇಳಿಬಿಡುತ್ತೇನೆ. ಆರೋಪಿ ಯಾರು ಅಂತಲೇ ಗೊತ್ತಾಗದೆ ಮುಚ್ಚಿಹೋಗುವ ಫೈಲುಗಳು ಜಾಸ್ತಿ.

ಪೊಲೀಸ್ ವಿಚಾರಣೆಯಲ್ಲಿ ಅವನು ಜಗ್ಗಿದ್ದನ್ನು ಒಪ್ಪಿಕೊಂಡ. ಜೊತೆಗೆ ಒಂದು ಮಾತು ಹೇಳಿದನಂತೆ: ಆಕೆ ಹಿಂದೂ ಅಂತ ಗೊತ್ತಿರಲಿಲ್ಲ, ಹಿಂದೂಗಳ ಮೇಲೆ ನನಗೆ ಏನೂ ಇಲ್ಲ, ಕ್ಷಮೆ ಇರಲಿ.

ಇದನ್ನು ಕೇಳಿ ಮೈದುನನಿಗೆ ಸಮಾಧಾನವಾಯಿತು. “ನಾ ಹೇಳಿದ್ನೆಲ್ಲ ವೈನಿ!” ಅಂದ. ನಮ್ಮ ಗೆಳೆಯರ ಗುಂಪಿನಲ್ಲೂ, ಪಾಪ ತಪ್ಪು ತಿಳಿದು ಮಾಡಿದ್ದಾನೆ ಅನ್ನುವ ದನಿ ಬಂತು. ನನಗೆ ಮಾತ್ರ ಮೈ ಉರಿಯಿತು. ಇದು ಕ್ಷಮೆ ಕೇಳುವ ರೀತಿಯಾ? ವಿಳಾಸ ತಪ್ಪಾಯಿತು ಅಂದ ಹಾಗಿದೆ. ಅತ್ತೆ ಅಕ್ಕಿ ಆರಿಸುತ್ತಾ ಕೂತಿದ್ದರು. ತಟ್ಟೆಯಿಂದ ಕಣ್ಣೆತ್ತದೆ ಕೇಳಿದರು: “ಹಂಗಾರ ನಮ್ಮ ಓಣ್ಯಾಗಿನ ಬೂಬಮ್ಮ ಇದ್ದಿದ್ರ ಜಗ್ಗಬಹುದಿತ್ತೇನ? ಅಕಿಗೂ ನನ್ನಷ್ಟ ವಯಸ್ಸ. ಅಕಿನೂ ಸೆರಗ ಹೊದಿತಾಳ, ನಾನೂ ಹೊದಿತೀನಿ.”

ಆ ಮಾತು ಕೋರ್ಟಿಗೂ ಹೋಯಿತು. ಹೇಗೆ ಅಂದರೆ, ಇಲ್ಲಿ ಸಾಕ್ಷಿ ಹೇಳಿಕೆ ಬಿಟ್ಟು ಇನ್ನೊಂದು ಹೇಳಿಕೆಗೆ ಅವಕಾಶ ಇದೆ, ವಿಕ್ಟಿಮ್ ಪರ್ಸನಲ್ ಸ್ಟೇಟ್‌ಮೆಂಟ್. ಏನಾಯಿತು ಅನ್ನುವುದು ಮೊದಲಿನದರಲ್ಲಿ, ಅದರಿಂದ ನಿಮಗೇನಾಯಿತು ಅನ್ನುವುದು ಇದರಲ್ಲಿ. ಬೇಡವೆಂದರೆ ಬಿಡಬಹುದು. ದಯವಿಟ್ಟು ಬಿಡಬೇಡಿ. ಅತ್ತೆ ಮತ್ತೆ ಅದೇ ಮೈಸೂರಿನವರ ಮೂಲಕ ಹೇಳಿಸಿದರು: ಬಸ್ಸಿನಲ್ಲಿ ನನ್ನ ಹಿಂದಿನ ಸೀಟು ಖಾಲಿ ಇದ್ದರಷ್ಟೇ ಕೂರುತ್ತೇನೆ, ಇಲ್ಲವಾದರೆ ನಿಲ್ಲುತ್ತೇನೆ. ಲಿಂಗವನ್ನು ಕೊರಳಿಂದ ತೆಗೆದು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದೇನೆ, ನನ್ನ ಬದುಕಿನಲ್ಲಿ ಹಿಂದೆಂದೂ ಹಾಗೆ ಮಾಡಿರಲಿಲ್ಲ. ಬಿಳಿ ಮುದುಕಿ ಮತ್ತು ಹುಡುಗ ಸಹಾಯ ಮಾಡಿದ್ದನ್ನು ಮರೆತಿಲ್ಲ. ಕೊನೆಗೆ ಬೂಬಮ್ಮನ ಮಾತು.

ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ವಿಷಯ ಒಂದೇ ಮನೆಯಲ್ಲಿದ್ದ ನನಗೂ ಗೊತ್ತಿರಲಿಲ್ಲ.

ದ್ವೇಷದ ಅಂಶ ಇರುವ ಕೇಸಿನಲ್ಲಿ ಆರೋಪ ಹೊರಿಸುವ ತೀರ್ಮಾನ ಸ್ಥಳೀಯ ಪೊಲೀಸರದಲ್ಲ, ಸಿಪಿಎಸ್ ಎಂಬ ಸರ್ಕಾರಿ ವಕೀಲರ ಇಲಾಖೆಯದು. ಸಾಮಾನ್ಯ ಹಲ್ಲೆಗೆ ಗರಿಷ್ಠ ಶಿಕ್ಷೆ ಆರು ತಿಂಗಳು. ಅದೇ ಹಲ್ಲೆ ಜನಾಂಗ ಅಥವಾ ಧರ್ಮದ ದ್ವೇಷದಿಂದ ಆದರೆ ಎರಡು ವರ್ಷದವರೆಗೆ ಹೋಗಬಹುದು. ಅವನ ಮೇಲೆ ಎರಡನೆಯದನ್ನೇ ಹೊರಿಸಿದರು. ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಬರುವ ಹೊತ್ತಿಗೆ ಅತ್ತೆ ಊರಿಗೆ ಹೋಗಿಯಾಗಿತ್ತು. ಅವನು ತಪ್ಪೊಪ್ಪಿಕೊಳ್ಳದಿದ್ದರೆ ಏನು ಗತಿ ಅಂತ ನಾವು ಹೆದರಿದ್ದೆವು. ಭಾರತದಿಂದ ಸಾಕ್ಷಿ ಹೇಳಿಸುವುದು ಸುಲಭದ ಮಾತಲ್ಲ ಅಂತ ಪೊಲೀಸರೇ ಹೇಳಿದ್ದರು. ವಿಡಿಯೋ ನೋಡಿದ ಮೇಲೆ ಅವನ ವಕೀಲರೇ ಬುದ್ಧಿ ಹೇಳಿರಬೇಕು. ಮೊದಲ ದಿನವೇ ಒಪ್ಪಿಕೊಂಡ.

ನಾನು ರಜೆ ಹಾಕಿ ಸಾರ್ವಜನಿಕರ ಸೀಟಿನಲ್ಲಿ ಕೂತಿದ್ದೆ. ಸರ್ಕಾರಿ ವಕೀಲೆ ಅತ್ತೆಯ ಮಾತನ್ನು ಓದಿದಳು. ಬೂಬಮ್ಮನ ಹೆಸರು ಅವಳ ಬಾಯಲ್ಲಿ ಬೂಬಮ್ಮಾ ಅಂತ ಎಳೆದಂತಾಯಿತು. ನನ್ನ ಕಣ್ಣು ತುಂಬಿತು, ಅದರ ಜೊತೆಗೇ ನಗುವೂ ಬಂತು. ಮೂವರು ಮ್ಯಾಜಿಸ್ಟ್ರೇಟರು ಒಳಗೆ ಹೋಗಿ ಬಂದರು. ಕಮ್ಯುನಿಟಿ ಆರ್ಡರ್, ಅಂದರೆ ಸಂಬಳವಿಲ್ಲದೆ ಇಷ್ಟು ಗಂಟೆ ಊರ ಕೆಲಸ. ಜೊತೆಗೆ ಅತ್ತೆಗೆ ಪರಿಹಾರ. ದ್ವೇಷ ಇಲ್ಲದಿದ್ದರೆ ಇಷ್ಟಾಗುತ್ತಿತ್ತು, ಇದ್ದದ್ದರಿಂದ ಇಷ್ಟು ಹೆಚ್ಚಿಸಿದ್ದೇವೆ ಅಂತ ಬಿಡಿಸಿ ಹೇಳಿದರು. ಆಕೆ ಯಾವ ಧರ್ಮದವರು ಅನ್ನುವುದು ನಮ್ಮ ತೀರ್ಮಾನಕ್ಕೆ ಮುಖ್ಯವಲ್ಲ ಅಂತಲೂ ಹೇಳಿದರು. ಜೈಲಾಗಲಿಲ್ಲ ಅಂತ ಮೈದುನನಿಗೆ ಬೇಸರ. ನನಗೆ ಅಷ್ಟೇನೂ ಇಲ್ಲ. ಅವನು ಪಾರ್ಕಿನಲ್ಲಿ ಕಸ ಆರಿಸುವಾಗ ಪಕ್ಕದಲ್ಲಿ ಸೆರಗು ಹೊದ್ದವರು ನಾಲ್ಕು ಜನ ಓಡಾಡಲಿ.

ಪರಿಹಾರದ ದುಡ್ಡು ಕಂತಿನಲ್ಲಿ ಬರುತ್ತಿದೆ. ಅತ್ತೆ ಅದನ್ನು ಮುಟ್ಟುವುದಿಲ್ಲ ಅಂದಿದ್ದಾರೆ. ಮಠದ ದಾಸೋಹಕ್ಕೆ ಅರ್ಧ, ಓಣಿಯ ದರ್ಗಾದ ಉರುಸಿಗೆ ಅರ್ಧ ಕೊಡಲು ಹೇಳಿದ್ದಾರೆ. ಮೈದುನ ಇನ್ನೂ ಗೊಣಗುತ್ತಿದ್ದಾನೆ.

ಈಚೆಗೆ ಇಲ್ಲಿ ಓದಲು ಬಂದಿರುವ ಹುಬ್ಬಳ್ಳಿಯ ಹುಡುಗನೊಬ್ಬ ಫೋನ್ ಮಾಡಿದ್ದ. ಫುಡ್ ಡೆಲಿವರಿಗೆ ಹೋದಾಗ ಕೆಲವು ಹುಡುಗರು ಮೊಟ್ಟೆ ಎಸೆದು, ಊರಿಗೆ ಹೋಗು ಅಂದರಂತೆ. ಮುಖ ಸರಿಯಾಗಿ ನೋಡಿಲ್ಲ. “ದೂರು ಕೊಟ್ಟರ ಏನ ಸಿಗತೈತಿ ಅಕ್ಕಾ?” ಅಂದ. ಬಹುಶಃ ಏನೂ ಸಿಗಲ್ಲ, ಒಂದು ನಂಬರ್ ಸಿಗುತ್ತೆ ಅಂದೆ. ಆಮೇಲೆ ಲೆಸ್ಟರ್‌ಶೈರಿನ ಫಿಯೋನಾ ಪಿಲ್ಕಿಂಗ್‌ಟನ್ ಕಥೆ ಹೇಳಿದೆ. ಬುದ್ಧಿಮಾಂದ್ಯ ಮಗಳಿದ್ದ ತಾಯಿ ಆಕೆ. ಬೀದಿಯ ಹುಡುಗರು ವರ್ಷಗಟ್ಟಲೆ ಮನೆಗೆ ಕಲ್ಲು, ಮೊಟ್ಟೆ ಎಸೆಯುತ್ತಿದ್ದರು. ಆಕೆ ಮತ್ತೆ ಮತ್ತೆ ಫೋನ್ ಮಾಡಿದರು. ಪ್ರತಿ ಸಲವೂ ಅದನ್ನು ಬಿಡಿ ಬಿಡಿಯಾಗಿ, ಪೋಲಿ ಹುಡುಗರ ಕಾಟ ಅಂತಲೇ ನೋಡಿದರು. 2007ರಲ್ಲಿ ತಾಯಿ, ಮಗಳು ಇಬ್ಬರೂ ಇಲ್ಲವಾದರು. ಅಂಗವಿಕಲರ ಮೇಲಿನ ದ್ವೇಷವನ್ನು ಪೊಲೀಸರು ಹೇಟ್ ಕ್ರೈಂ ಅಂತ ಗಂಭೀರವಾಗಿ ನೋಡಬೇಕು ಅನ್ನುವ ಒತ್ತಡ ಬಂದದ್ದು ಅದರ ನಂತರ. ಒಂದೇ ಒಂದು 101 ಕರೆಯಾದರೂ ಮಾಡು, ಆದರೆ ಹೇಟ್ ಕ್ರೈಂ ಅನ್ನುವ ಮಾತನ್ನು ನಿನ್ನ ಬಾಯಿಂದಲೇ ಹೇಳು, ಹೇಳಿದರೆ ಬರೆದುಕೊಳ್ಳಲೇಬೇಕು ಅಂದೆ.

ಮಾಡಿದ. ನಂಬರ್ ಸಿಕ್ಕಿತು, ಒಂದು ವಾರದಲ್ಲಿ ಫೈಲ್ ಮುಚ್ಚಿದರು. ಹೋದ ತಿಂಗಳು ಅದೇ ಬೀದಿಯಲ್ಲಿ ಒಬ್ಬ ರೊಮೇನಿಯಾದವನ ವ್ಯಾನಿಗೂ ಮೊಟ್ಟೆ ಬಿತ್ತು, ಅವನ ಡ್ಯಾಶ್‌ಕ್ಯಾಮ್‌ನಲ್ಲಿ ಹುಡುಗರು ಸಿಕ್ಕರು. ಹುಬ್ಬಳ್ಳಿ ಹುಡುಗನ ಹಳೇ ನಂಬರನ್ನು ಪೊಲೀಸರೇ ಹುಡುಕಿ ತೆಗೆದು ಫೋನ್ ಮಾಡಿದ್ದಾರೆ. ಹೇಳಿಕೆ ಕೊಡಲು ಈ ಗುರುವಾರ ಹೋಗುತ್ತಿದ್ದಾನೆ. ಅವನಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತೆ, ಆದರೂ ಕನ್ನಡದವರನ್ನು ಕೇಳಬಹುದಾ ಅಕ್ಕಾ ಅಂತ ಕೇಳಿದ. ಧಾರಾಳವಾಗಿ ಕೇಳು ಅಂದಿದ್ದೇನೆ.